ಏಕಾಗ್ರತೆ: ಯಾವುದರ ಮೇಲೆ, ಯಾತಕ್ಕಾಗಿ?

ಜನವರಿ ಬಂತೆಂದರೆ ಹಾಸನದ ಗೋಡೆಗಳ ಮೇಲೆ ಹೊಸ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ಟ್ಯೂಷನ್ ಕೇಂದ್ರಗಳ ಜಾಹೀರಾತುಗಳ ಪಕ್ಕದಲ್ಲೇ ಧ್ಯಾನ ಶಿಬಿರ, ಪ್ರಾಣಾಯಾಮ ತರಗತಿ, ನೆನಪಿನ ಶಕ್ತಿ ಹೆಚ್ಚಿಸುವ ಕಾರ್ಯಾಗಾರ ಇತ್ಯಾದಿಗಳ ಪ್ರಕಟಣೆಗಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಸ್ ನಿಲ್ದಾಣಗಳಲ್ಲೂ ಇವು ಇವೆ. ಎಲ್ಲವುಗಳ ಸಾರ ಒಂದೇ: ಹತ್ತು ದಿನ ನಮ್ಮಲ್ಲಿಗೆ ಬನ್ನಿ, ಸರಿಯಾಗಿ ಉಸಿರಾಡುವುದನ್ನು ಕಲಿಯಿರಿ, ಮನಸ್ಸು ನಿಮ್ಮ ಹಿಡಿತಕ್ಕೆ ಬರುತ್ತದೆ, ಅಂಕಗಳು ತಾವಾಗಿಯೇ ಬರುತ್ತವೆ.

ಅಂಕಗಳ ಆಸೆ ಈ ಜಿಲ್ಲೆಗೆ ಸಹಜವೇ. 2019ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲ ಸ್ಥಾನ ಪಡೆದಿತ್ತು. ಆ ಹೆಮ್ಮೆ ನಮಗೂ ಇದೆ. ಹಳ್ಳಿಯ ಬಡ ಮಕ್ಕಳಿಗೆ ಮುಂದೆ ಬರಲು ಅಂಕಪಟ್ಟಿಯ ಹೊರತು ಬೇರೆ ಏಣಿ ಇಲ್ಲವೆಂಬುದೂ ನಮಗೆ ಗೊತ್ತು. ಆದ್ದರಿಂದ ಮಕ್ಕಳ ಮನಸ್ಸು ಓದಿನ ಮೇಲೆ ನಿಲ್ಲಲಿ ಎಂದು ಹಂಬಲಿಸುವ ತಂದೆ ತಾಯಿಯರನ್ನು ಹಗುರವಾಗಿ ಕಾಣುವುದು ಈ ಬರಹದ ಉದ್ದೇಶವಲ್ಲ.

ನಮಗೆ ಪರಿಚಯದ ಒಬ್ಬ ಹುಡುಗನಿದ್ದಾನೆ. ಅರಕಲಗೂಡು ತಾಲೂಕಿನ ಹೊಗೆಸೊಪ್ಪು ಬೆಳೆಗಾರನ ಮಗ. ಹಾಸನದ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದುತ್ತಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕುಸಿದಾಗ ಅವನನ್ನು ಇಂಥದೊಂದು ತರಗತಿಗೆ ಸೇರಿಸಿದರು. ಅಲ್ಲಿ ಹೇಳಿದಂತೆ ಅವನು ಬೆನ್ನು ನೇರ ಮಾಡಿ ಕೂತ, ಕಣ್ಣು ಮುಚ್ಚಿದ, ಉಸಿರು ಎಣಿಸಿದ. ಕೊನೆಯ ದಿನ ಕಲಿಸಿದವರು ತಂದೆಯನ್ನು ಕರೆಸಿ, “ನಿಮ್ಮ ಹುಡುಗನಿಗೆ ಮನಸ್ಸು ನಿಲ್ಲಿಸುವ ಸಂಕಲ್ಪವೇ ಇಲ್ಲ” ಎಂದರು. ಆ ಮೇಲೆ ಹುಡುಗ ನಮ್ಮಲ್ಲಿ ಹೇಳಿದ ಮಾತು ಇದು: “ಕಣ್ಣು ಮುಚ್ಚಿದ್ರೆ ನಮ್ಮ ಬ್ಯಾರನ್ನೇ ಕಾಣುತ್ತೆ ಸಾರ್. ಅಪ್ಪ ರಾತ್ರಿಯೆಲ್ಲ ಬೆಂಕಿ ನೋಡ್ಕೊಂಡು ಕೂತಿರ್ತಾರೆ. ರಾಮನಾಥಪುರದಲ್ಲಿ ಈ ಸಲ ಏನು ರೇಟು ಸಿಗುತ್ತೋ ಗೊತ್ತಿಲ್ಲ.”

ಆ ಹುಡುಗನಿಗೆ ಏಕಾಗ್ರತೆ ಇರಲಿಲ್ಲವೇ? ಇತ್ತು, ಅದು ಅವನ ಪಠ್ಯಪುಸ್ತಕದ ಮೇಲೆ ಇರಲಿಲ್ಲ, ಅಷ್ಟೇ. ಮನಸ್ಸು ನಿಲ್ಲುತ್ತದೆಯೇ ಎಂದು ಮಾತ್ರ ಕೇಳಿ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಕೇಳದ ತರಗತಿಗಳು ಇಂದು ಹೆಚ್ಚುತ್ತಿವೆ. ವಿಪರ್ಯಾಸವೆಂದರೆ, ಈ ಎರಡನೆಯ ಪ್ರಶ್ನೆಯನ್ನು ಅತ್ಯಂತ ಗಂಭೀರವಾಗಿ ಕೇಳಿದ ಪರಂಪರೆಗಳು ಇದೇ ನಾಲ್ಕು ತಾಲೂಕುಗಳ ಮಣ್ಣಿನಲ್ಲಿವೆ.

ಉಸಿರು ಏನು ಮಾಡಬಲ್ಲದು?

ಮೊದಲು ನ್ಯಾಯವಾಗಿ ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಉಸಿರಾಟದ ಅಭ್ಯಾಸದಿಂದ ಪ್ರಯೋಜನವಿದೆ. ನಮ್ಮ ದೇಹದಲ್ಲಿ ಹೃದಯ ಬಡಿತ, ಜೀರ್ಣಕ್ರಿಯೆ ಮುಂತಾದವು ನಮ್ಮ ಅಪ್ಪಣೆಗೆ ಕಾಯದೆ ನಡೆಯುತ್ತವೆ. ಉಸಿರಾಟ ತಾನಾಗಿಯೂ ನಡೆಯುತ್ತದೆ, ನಾವು ಬಯಸಿದರೆ ನಮ್ಮ ಹತೋಟಿಗೂ ಬರುತ್ತದೆ. ಗಾಬರಿಯಾದಾಗ ಉಸಿರು ಮೇಲುಮೇಲಕ್ಕೆ, ಬೇಗಬೇಗನೆ ಆಡುತ್ತದೆ. ಅದನ್ನು ಬೇಕೆಂದೇ ನಿಧಾನಿಸಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಸ್ವಲ್ಪ ದೀರ್ಘ ಮಾಡಿದರೆ ವೇಗಸ್ ಎಂಬ ನರದ ಮೂಲಕ ಹೃದಯಕ್ಕೆ ಶಾಂತವಾಗು ಎಂಬ ಸಂದೇಶ ಹೋಗುತ್ತದೆ. ಬಡಿತ ಇಳಿಯುತ್ತದೆ, ಬೆವರಿದ ಕೈ ಒಣಗುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಐದು ನಿಮಿಷ ಹೀಗೆ ಉಸಿರಾಡಿದ ವಿದ್ಯಾರ್ಥಿಗೆ ಗೊತ್ತಿದ್ದ ಉತ್ತರ ಗಾಬರಿಯಲ್ಲಿ ಮರೆತುಹೋಗುವ ಸಂಭವ ಕಡಿಮೆಯಾಗಬಹುದು. ಇದು ಸಣ್ಣ ಲಾಭವೇನಲ್ಲ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಕುತೂಹಲದ ಅಧ್ಯಯನವನ್ನು ಪ್ರಕಟಿಸಿತು. ಇಟಲಿಯ ಸಂಶೋಧಕರು 23 ಮಂದಿ ಆರೋಗ್ಯವಂತರಿಗೆ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನಿನಲ್ಲಿಯೂ ಒಂದು ಮಂತ್ರವನ್ನೂ ಪಠಿಸಲು ಹೇಳಿ ಅವರ ಉಸಿರಾಟ ಮತ್ತು ಹೃದಯದ ಲಯವನ್ನು ಅಳೆದರು. ಎರಡೂ ಪಠಣಗಳಲ್ಲಿ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ರಕ್ತದೊತ್ತಡವನ್ನು ಸಮತೋಲನದಲ್ಲಿಡುವ ದೇಹದ ವ್ಯವಸ್ಥೆ ಎರಡರಲ್ಲೂ ಚುರುಕಾಗಿತ್ತು. ತಸ್ಬೀಹ್ ಎಣಿಸುವ ಅಜ್ಜಿಗೂ, ಜಪಸರ ಹಿಡಿದ ಅಜ್ಜನಿಗೂ ಇದನ್ನು ವಿವರಿಸುವ ಅಗತ್ಯವಿಲ್ಲ. ನಾಲಗೆ ನಿಧಾನವಾದಾಗ ಎದೆಯೂ ನಿಧಾನವಾಗುತ್ತದೆಂದು ಅವರು ಅನುಭವದಿಂದಲೇ ಬಲ್ಲರು.

ಆದರೆ ಇಲ್ಲಿಂದ ಮುಂದಕ್ಕೆ ಪೋಸ್ಟರುಗಳು ಹೇಳುವುದು ಬೇರೆ, ವಿಜ್ಞಾನ ಹೇಳುವುದು ಬೇರೆ. 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆ ಧ್ಯಾನದ ಕುರಿತ 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿಯನ್ನು ಪ್ರಕಟಿಸಿತು. ಅವುಗಳಲ್ಲಿ ಭಾಗವಹಿಸಿದವರು 3,515 ಮಂದಿ. ಆತಂಕ, ಖಿನ್ನತೆ ಮತ್ತು ನೋವು ಒಂದಿಷ್ಟು ಕಡಿಮೆಯಾಗುವುದಕ್ಕೆ ಸಾಧಾರಣ ಮಟ್ಟದ ಪುರಾವೆ ಸಿಕ್ಕಿತು. ಗಮನಶಕ್ತಿ ಹೆಚ್ಚುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಸುಮಾರು 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಧ್ಯಾನ ಕಲಿತ ಮಕ್ಕಳು ಎಂದಿನ ಪಾಠಗಳನ್ನೇ ಕಲಿತ ಮಕ್ಕಳಿಗಿಂತ ಮಾನಸಿಕವಾಗಿ ಹೆಚ್ಚು ನೆಮ್ಮದಿಯಿಂದೇನೂ ಇರಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡಲೇ ಇಲ್ಲ. ಎಲ್ಲರನ್ನೂ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸಿದ ಮಾತ್ರಕ್ಕೆ ಮನಸ್ಸು ನೆಟ್ಟಗಾಗುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಮತ್ತೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯ ವಯಸ್ಸಿನವರೂ ಹೃದಯಾಘಾತದಿಂದ ಸಾಯುತ್ತಿದ್ದಾರೆಂಬ ಸುದ್ದಿಗಳು ಒಂದರ ಹಿಂದೊಂದು ಬಂದು ಜನ ಭಯಭೀತರಾದರು. ಸರಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳು ಹಿಂದಿಗಿಂತ ಅಸಹಜವಾಗಿ ಏರಿದ್ದಕ್ಕೆ ಆಧಾರವಿಲ್ಲವೆಂದು ತಿಳಿಸಿತು. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂಥ ಬಲ್ಲ ಕಾರಣಗಳತ್ತಲೇ ಬೊಟ್ಟು ಮಾಡಿತು. ಇಂಥ ಭಯದ ಕಾಲದಲ್ಲಿ ಎಲ್ಲಕ್ಕೂ ಉಸಿರಾಟವೇ ಮದ್ದು ಎಂಬ ಮಾತು ಬೇಗ ಮಾರಾಟವಾಗುತ್ತದೆ. ಎದೆನೋವು ಬಂದವನು ಪ್ರಾಣಾಯಾಮ ಮಾಡುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಮೂರ್ಛೆ ರೋಗ ಇರುವವರು, ಹೃದಯದ ಕಾಯಿಲೆ ಇರುವವರು ಉಸಿರು ಬಿಗಿಹಿಡಿಯುವ, ರಭಸದಿಂದ ಉಸಿರಾಡುವ ಅಭ್ಯಾಸಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಕೂಡದು.

ಬೆಳಗೊಳದ ಬೆಟ್ಟ ಹೇಳುವುದು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಂದು ಅಲ್ಲಿಂದ ಶ್ರವಣಬೆಳಗೊಳದ ದಾರಿ ಹಿಡಿದರೆ ದೂರದಿಂದಲೇ ವಿಂಧ್ಯಗಿರಿ ಕಾಣಿಸುತ್ತದೆ. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಅಲ್ಲಿ ನಿಲ್ಲಿಸಿದ ಬಾಹುಬಲಿಯ 58 ಅಡಿ ಎತ್ತರದ ಮೂರ್ತಿ, ಈ ನಾಡಿನಲ್ಲಿ ಧ್ಯಾನಕ್ಕೆ ಕಲ್ಲಿನಲ್ಲಿ ಕೊಟ್ಟ ಅತಿ ದೊಡ್ಡ ರೂಪ. ಆ ನಿಲುವಿಗೆ ಜೈನರು ಕಾಯೋತ್ಸರ್ಗ ಎನ್ನುತ್ತಾರೆ. ಕಾಯವನ್ನು, ಎಂದರೆ ದೇಹದ ಮೇಲಿನ ಮಮತೆಯನ್ನು ಬಿಟ್ಟು ನಿಲ್ಲುವುದು. ಇದನ್ನು ಉಸಿರಿನಿಂದ ಅಳೆಯುವ ಪದ್ಧತಿಯೂ ಜೈನರಲ್ಲಿದೆ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಸಲಕ್ಕೆ ಇಪ್ಪತ್ತೇಳು ಉಸಿರು. ಉಸಿರನ್ನು ಎಣಿಸುವ ವಿದ್ಯೆ ಹೊಸ ಕಾಲದ ಶಿಬಿರಗಳು ತಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಜೈನರ ಎಲ್ಲ ಪಂಗಡಗಳೂ ಮಾನ್ಯ ಮಾಡುವ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಧ್ಯಾನವನ್ನು ವಿವರಿಸುತ್ತದೆ. ಮನಸ್ಸನ್ನು ಒಂದೇ ವಿಷಯದಲ್ಲಿ ನಿಲ್ಲಿಸುವುದು ಧ್ಯಾನ. ಅತ್ಯಂತ ದೃಢ ದೇಹದವನಿಗೂ ಅದು ಅಂತರ್ಮುಹೂರ್ತ ಕಾಲ, ಎಂದರೆ 48 ನಿಮಿಷಗಳ ಒಳಗೆ ಮಾತ್ರ ಸಾಧ್ಯ ಎಂಬುದು ಅದರ ಅಭಿಪ್ರಾಯ. ಐದಾರು ಗಂಟೆಗಳ ಅಖಂಡ ಏಕಾಗ್ರತೆಯ ಭರವಸೆ ಕೊಡುವವರು ಇದನ್ನು ಓದಬೇಕು. ಅದಕ್ಕಿಂತ ಮುಖ್ಯವಾಗಿ, ಆ ಗ್ರಂಥ ಧ್ಯಾನವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಹಿಂಸೆ, ಸುಳ್ಳು, ಕಳವು, ಗಳಿಸಿದ ಸುಖಭೋಗಗಳ ಕಾವಲು, ಇವುಗಳಲ್ಲಿ ನೆಟ್ಟ ಮನಸ್ಸು ರೌದ್ರಧ್ಯಾನ. ಬೇಡದ್ದು ಬಂತಲ್ಲ, ಬೇಕಾದ್ದು ಹೋಯಿತಲ್ಲ ಎಂಬ ಕೊರಗು, ನೋವಿನ ಚಿಂತೆ, ಮುಂದೆ ಇಂಥದೇ ಫಲ ಸಿಗಬೇಕೆಂಬ ತೀವ್ರ ಹಪಹಪಿಕೆ, ಇವು ಆರ್ತಧ್ಯಾನ. ಕೊನೆಯ ಎರಡು ಮಾತ್ರ ಬಿಡುಗಡೆಯ ದಾರಿಗಳು. ಮನೆ ಮುರಿಯಲು ಹೊಂಚುವ ಕಳ್ಳನದೂ ಏಕಾಗ್ರತೆಯೇ. ರ‍್ಯಾಂಕಿನ ಹಪಹಪಿಕೆಯಲ್ಲಿ ನಿದ್ದೆಗೆಟ್ಟ ಮಗುವಿನದೂ ಏಕಾಗ್ರತೆಯೇ. ಏಕಾಗ್ರತೆ ಎಂಬುದು ತನ್ನಷ್ಟಕ್ಕೆ ಗುಣವಲ್ಲವೆಂದು ಇಷ್ಟು ನಿಷ್ಠುರವಾಗಿ ಹೇಳಿದ ಗ್ರಂಥಗಳು ವಿರಳ.

ಬಾಹುಬಲಿಯ ಕಥೆಯಲ್ಲೂ ಇದೇ ತಿಳಿವಿದೆ. ಅಣ್ಣ ಭರತನನ್ನು ಗೆದ್ದ ಮೇಲೆ ರಾಜ್ಯ ಬಿಟ್ಟು ಅವನು ಒಂದು ವರ್ಷ ಅಲುಗದೆ ನಿಂತ. ಕಾಲಿಗೆ ಹುತ್ತ ಕಟ್ಟಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ ಒದಗಲಿಲ್ಲ. ನಿಂತ ನೆಲ ಅಣ್ಣನದಲ್ಲವೇ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತೆಂದು ನಮ್ಮ ನಾಡಿನಲ್ಲಿ ಜನಜನಿತವಾದ ಕಥೆ ಹೇಳುತ್ತದೆ. ಆ ಮುಳ್ಳು ಹೋದದ್ದು ಇನ್ನಷ್ಟು ಹೊತ್ತು ಉಸಿರು ಹಿಡಿದದ್ದರಿಂದಲ್ಲ. ಭರತ ಬಂದು ತಲೆಬಾಗಿದ ಮೇಲೆ. ಸಂಬಂಧ ಸರಿಹೋದಾಗ ಧ್ಯಾನ ಪೂರ್ಣವಾಯಿತು. ಹಾಗಾದರೆ ನಮ್ಮ ಹೊಗೆಸೊಪ್ಪಿನ ಹುಡುಗನ ಒಳಗಿನ ಮುಳ್ಳನ್ನು ಯಾರು ವಿಚಾರಿಸಿದರು?

ಹೊಳೆನರಸೀಪುರದ ಮೇಷ್ಟ್ರು

ಶ್ರವಣಬೆಳಗೊಳದಿಂದ ಪಶ್ಚಿಮಕ್ಕೆ, ಹೇಮಾವತಿ ತೀರದ ಹೊಳೆನರಸೀಪುರದಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಶಾಲಾ ಶಿಕ್ಷಕರಾಗಿದ್ದ ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಈ ಸಂಸ್ಥೆಯನ್ನು 1937ರಲ್ಲಿ ಇಲ್ಲಿಗೆ ತಂದರು. 1948ರಲ್ಲಿ ಸನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. 1880ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಳ್ಳುವವರೆಗಿನ ದೀರ್ಘ ಬದುಕಿನಲ್ಲಿ ಕನ್ನಡ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಇನ್ನೂರರಷ್ಟು ಕೃತಿಗಳನ್ನು ರಚಿಸಿದರು. ಶಂಕರಾಚಾರ್ಯರ ಭಾಷ್ಯಗಳನ್ನು ಸಾಮಾನ್ಯ ಕನ್ನಡಿಗರೂ ಓದಬಹುದಾದಂತೆ ಮಾಡಿದವರಲ್ಲಿ ಅವರ ಹೆಸರು ದೊಡ್ಡದು.

ಅದ್ವೈತವನ್ನು ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಧ್ಯಾನದ ಕುರಿತು ಸ್ವಾಮಿಗಳು ತಳೆದ ನಿಲುವು ಎಲ್ಲರೂ ಅರಿಯಬೇಕಾದದ್ದು. ಶಂಕರರ ನಂತರದ ವ್ಯಾಖ್ಯಾನಕಾರರು ಅವರ ಮಾತಿಗೆ ಹೊರಗಿನ ಎಷ್ಟೋ ಸಂಗತಿಗಳನ್ನು ಬೆರೆಸಿದ್ದಾರೆಂಬುದು ಸ್ವಾಮಿಗಳ ಆಕ್ಷೇಪವಾಗಿತ್ತು. ಆ ಕಾರಣಕ್ಕೆ ದೊಡ್ಡ ದೊಡ್ಡ ಪಂಡಿತರ ವಿರೋಧವನ್ನು ಎದುರಿಸಿದರು. ಮನಸ್ಸನ್ನು ತಡೆದು ನಿಲ್ಲಿಸಿ ಸಮಾಧಿಯೆಂಬ ಒಂದು ಸ್ಥಿತಿಯನ್ನು ತಂದುಕೊಂಡರೆ ಸತ್ಯ ಸಿಕ್ಕಂತಾಯಿತು ಎಂಬುದನ್ನು ಅವರು ಒಪ್ಪಲಿಲ್ಲ. ಅಂಥ ಸ್ಥಿತಿ ಬರುತ್ತದೆ, ಹೋಗುತ್ತದೆ. ಗಾಢ ನಿದ್ದೆಯಲ್ಲೂ ಯಾವ ಚಿಂತೆಯೂ ಇರುವುದಿಲ್ಲ. ಎದ್ದ ಕೂಡಲೇ ಎಲ್ಲವೂ ಮರಳುತ್ತವೆ. ಸಮಾಧಿಯಿಂದ ಎದ್ದವನಿಗೂ ಹಾಗೆಯೇ, ತಪ್ಪು ತಿಳಿವಳಿಕೆ ಕಳೆಯದಿದ್ದರೆ ಹಳೆಯ ಭೇದಗಳು ಮರಳುತ್ತವೆಂಬ ಮಾತು ಬ್ರಹ್ಮಸೂತ್ರ ಭಾಷ್ಯದಲ್ಲೇ ಇದೆ. ಆದ್ದರಿಂದ ಎಚ್ಚರ, ಕನಸು, ನಿದ್ದೆ ಎಂಬ ಎಲ್ಲರಿಗೂ ಗೊತ್ತಿರುವ ಅನುಭವಗಳನ್ನೇ ವಿಚಾರಕ್ಕೆ ಒಡ್ಡಬೇಕೆಂದು ಅವರು ಒತ್ತಿ ಹೇಳಿದರು. ಮನಸ್ಸನ್ನು ಶುದ್ಧಗೊಳಿಸಲು, ಹದಗೊಳಿಸಲು ಧ್ಯಾನ ನೆರವಾಗುತ್ತದೆ, ಆದರೆ ತಿಳಿಯುವ ಕೆಲಸವನ್ನು ತಿಳಿವಳಿಕೆಯೇ ಮಾಡಬೇಕು ಎಂಬುದು ಒಟ್ಟು ತಾತ್ಪರ್ಯ.

ಸ್ವಾಮಿಗಳು ಮೋಕ್ಷದ ಬಗ್ಗೆ ಹೇಳಿದ್ದನ್ನು ಭೌತಶಾಸ್ತ್ರದ ಪರೀಕ್ಷೆಗೆ ಹೋಲಿಸುವುದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ಆದರೂ ಹೋಲಿಕೆ ಇದೆ. ಗಣಿತದ ಒಂದು ಹೆಜ್ಜೆ ಅರ್ಥವಾಗದ ಮಗು ಅರ್ಧ ಗಂಟೆ ಧ್ಯಾನ ಮಾಡಿ ಎದ್ದರೂ ಆ ಹೆಜ್ಜೆ ಅರ್ಥವಾಗದೆಯೇ ಉಳಿದಿರುತ್ತದೆ. ಅದಕ್ಕೆ ಬೇಕಾದವರು ಮೇಷ್ಟ್ರು. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿರುತ್ತದೆ. ಆ ಕೊರತೆಯನ್ನು ಮಗುವಿನ ಚಂಚಲತೆ ಎಂದು ಕರೆದುಬಿಟ್ಟರೆ ಎಲ್ಲರಿಗೂ ಸಲೀಸು.

ರುದ್ರಪಟ್ಟಣದ ಶ್ರುತಿ

ಅರಕಲಗೂಡು ತಾಲೂಕಿನ ಕಾವೇರಿ ದಡದಲ್ಲಿ ರುದ್ರಪಟ್ಟಣವೆಂಬ ಪುಟ್ಟ ಊರಿದೆ. ಕರ್ನಾಟಕ ಸಂಗೀತಕ್ಕೆ ಈ ಊರು ಕೊಟ್ಟಷ್ಟು ವಿದ್ವಾಂಸರನ್ನು ಕೊಟ್ಟ ಹಳ್ಳಿಗಳು ಕಡಿಮೆ. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸಿದ ಅವರ ದಮ್ಮನ್ನು ಕಂಡು ಎಳೆಯ ಗಾಯಕರೇ ಬೆರಗಾಗುತ್ತಿದ್ದರು. ಇದೇ ಊರಿನ ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದ ಒಂದು ಮಂದಿರವನ್ನು ಇಲ್ಲಿ ಕಟ್ಟಿಸಿದ್ದಾರೆ. ಅದರ ಹೆಸರಿನಲ್ಲೇ ಧ್ಯಾನವಿದೆ: ಸಪ್ತಸ್ವರ ದೇವತಾ ಧ್ಯಾನ ಮಂದಿರ.

ಸಂಗೀತ ಕಲಿಯುವ ಮಗುವನ್ನು ಒಮ್ಮೆ ನೋಡಬೇಕು. ತಂಬೂರಿಯ ಶ್ರುತಿಗೆ ಷಡ್ಜ ಹಿಡಿದು ನಿಲ್ಲಬೇಕಾದರೆ ಉಸಿರು ಹದವಾಗಿ, ದೀರ್ಘವಾಗಿ ಹೋಗಲೇಬೇಕು. ಇಲ್ಲವಾದರೆ ಸ್ವರ ಕಂಪಿಸುತ್ತದೆ, ಸಾಲು ಅರ್ಧಕ್ಕೇ ತುಂಡಾಗುತ್ತದೆ. ಅಲ್ಲಿ ಯಾರೂ ‘ಏಕಾಗ್ರನಾಗು’ ಎಂದು ಬೇರೆಯಾಗಿ ಹೇಳಿಕೊಡುವುದಿಲ್ಲ. ಕಿವಿ ಶ್ರುತಿಯ ಮೇಲಿದ್ದರೆ ಏಕಾಗ್ರತೆ ಜೊತೆಗೇ ಬಂದಿರುತ್ತದೆ. ದೋಸೆ ಹುಯ್ಯುವ ಕೈ, ಬಾವಿಯಿಂದ ನೀರು ಸೇದುವ ತೋಳು, ಮಗ್ಗದ ಮುಂದೆ ಕೂತ ಕಣ್ಣು, ಇವೆಲ್ಲಕ್ಕೂ ತಮ್ಮದೇ ಉಸಿರಿನ ಲಯವಿದೆ. ಬಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಹಾಡುಗಳನ್ನು ಕಟ್ಟಿ, ರಾಗಿ ಜೋಳ ಬೀಸುವ ಹೆಂಗಸರ ಕೈಯ ಸುತ್ತಿಗೂ ದೇವರ ಸ್ಮರಣೆಗೂ ನಂಟು ಹಾಕಿದ್ದರು. ಮಾಡುವ ಕೆಲಸದಲ್ಲಿ ಪ್ರೀತಿ ಹುಟ್ಟಿದರೆ ಗಮನ ಹಿಂದೆಯೇ ಬರುತ್ತದೆ. ಪಾಠದಲ್ಲಿ ಪ್ರೀತಿ ಹುಟ್ಟಿಸುವ ಕಷ್ಟದ ಕೆಲಸವನ್ನು ಬಿಟ್ಟು ಗಮನವನ್ನು ಮಾತ್ರ ಬೇರೆ ಪೊಟ್ಟಣ ಕಟ್ಟಿ ಮಾರಲು ಹೊರಟಿರುವುದು ನಮ್ಮ ಕಾಲದ ವಿಶೇಷ.

ನಮ್ಮದು, ಅವರದು

ಧ್ಯಾನದ ಮಾತು ಬಂದಾಗ ಎರಡು ಬಗೆಯ ಜನ ಗದ್ದಲ ಎಬ್ಬಿಸುತ್ತಾರೆ. ಇದು ನಮ್ಮದು, ನೀವು ಒಪ್ಪಿಕೊಳ್ಳಲೇಬೇಕು ಎನ್ನುವವರು ಒಂದು ಕಡೆ. ಇದು ಅವರದು, ಹತ್ತಿರ ಸುಳಿಯಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಇತಿಹಾಸ ಓದಿದವರಲ್ಲ. ಸಾವಿರ ವರ್ಷಗಳ ಹಿಂದೆಯೇ ಅಲ್ ಬಿರೂನಿ ಪತಂಜಲಿಯ ಯೋಗಗ್ರಂಥವನ್ನು ಅರಬಿ ಭಾಷೆಗೆ ತಂದಿದ್ದರು. ಅಮೃತಕುಂಡ ಎಂಬ ಯೋಗದ ಕೃತಿ ಅರಬಿಗೆ ಹೋಯಿತು. ಅದನ್ನು ಹದಿನಾರನೆಯ ಶತಮಾನದಲ್ಲಿ ಗ್ವಾಲಿಯರಿನ ಸೂಫಿ ಮುಹಮ್ಮದ್ ಗೌಸ್ ಪಾರ್ಸಿಗೆ ತಂದು ವಿಸ್ತರಿಸಿದರು. ಬಹ್ರುಲ್ ಹಯಾತ್ ಎಂಬ ಆ ಪುಸ್ತಕದ, 1600ರ ಸುಮಾರಿಗೆ ಸಿದ್ಧವಾದ ಚಿತ್ರಸಹಿತ ಪ್ರತಿ ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಯೋಗಾಸನಗಳನ್ನು ಒಂದೊಂದಾಗಿ ಚಿತ್ರಿಸಿ ತೋರಿಸಿದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಅದೂ ಒಂದು. ನಕ್ಷ್‌ಬಂದಿ ಸೂಫಿಗಳು ಪ್ರತಿ ಉಸಿರಿನಲ್ಲೂ ಎಚ್ಚರವಾಗಿರುವುದನ್ನು ತಮ್ಮ ದಾರಿಯ ಮೊದಲ ಪಾಠವಾಗಿಸಿಕೊಂಡರು. ಉಸಿರು ಯಾವ ಜಾತಿಗೂ ಸೇರಿದ್ದಲ್ಲ. ಯಾರನ್ನೂ ಬಲವಂತ ಮಾಡದೆ, ಯಾರ ನಂಬಿಕೆಗೂ ನೋವಾಗದಂತೆ ಅದನ್ನು ಕಲಿಸಬಹುದು, ಕಲಿಯಬಹುದು.

ಪತಂಜಲಿಯ ಎಂಟು ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು, ಧ್ಯಾನ ಏಳನೆಯದು. ಮೊದಲನೆಯದಾದ ಯಮದಲ್ಲಿ ಇರುವುದು ಹಿಂಸೆ ಮಾಡದಿರುವುದು, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಅತಿಯಾಗಿ ಕೂಡಿಡದಿರುವುದು. ಇಂದಿನ ತರಗತಿಗಳು ನೇರವಾಗಿ ನಾಲ್ಕನೆಯದಕ್ಕೆ ಜಿಗಿಯುತ್ತವೆ. ದೊಡ್ಡ ಕಂಪೆನಿಗಳು ನೌಕರರಿಗೆ ಧ್ಯಾನ ಹೇಳಿಕೊಟ್ಟು, ಕೆಲಸದ ಹೊರೆಯನ್ನು ಮಾತ್ರ ಇಳಿಸುವುದಿಲ್ಲ. ಅಮೆರಿಕದ ರೊನಾಲ್ಡ್ ಪರ್ಸರ್ ಎಂಬ ಪ್ರಾಧ್ಯಾಪಕರು 2019ರ ತಮ್ಮ ಪುಸ್ತಕದಲ್ಲಿ ಈ ಪ್ರವೃತ್ತಿಯನ್ನು ಕಟುವಾಗಿ ಟೀಕಿಸಿದ್ದರು. ಸಮಾಜದ ಗಾಯಕ್ಕೆ ವ್ಯಕ್ತಿಯೊಬ್ಬನೇ ಒಳಗೊಳಗೆ ಮದ್ದು ಹುಡುಕಿಕೊಳ್ಳಬೇಕೆಂದು ಹೇಳಿಕೊಡುವ ಧ್ಯಾನದಿಂದ ವ್ಯವಸ್ಥೆ ಇದ್ದಂತೆಯೇ ಉಳಿಯುತ್ತದೆಂಬುದು ಅವರ ವಾದ.

ನಮಾಝಿನಲ್ಲಿ ಮನಸ್ಸು ನೆಲೆನಿಲ್ಲುವುದಕ್ಕೆ ಖುಶೂ ಎನ್ನುತ್ತಾರೆ. ಅದು ಇಲ್ಲದ ನಮಾಝಿನ ಬಗ್ಗೆ ನಮ್ಮ ಜುಮಾ ಪ್ರವಚನಗಳಲ್ಲಿ ಬಹಳ ಕೇಳುತ್ತೇವೆ. ಆದರೆ ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯ ಅಲ್ ಮಾಊನ್ ಇದನ್ನು ಎಲ್ಲಿ ಇಟ್ಟು ಹೇಳುತ್ತದೆಂದು ನೋಡಬೇಕು. ಏಳೇ ವಚನಗಳ ಆ ಅಧ್ಯಾಯ ಅನಾಥನನ್ನು ದಬ್ಬುವವನಿಂದ ಆರಂಭವಾಗುತ್ತದೆ, ನಮಾಝಿನ ಬಗ್ಗೆ ಮೈಮರೆತವರನ್ನು ಎಚ್ಚರಿಸುತ್ತದೆ, ನೆರೆಯವರಿಗೆ ಸಣ್ಣಪುಟ್ಟ ಸಹಾಯವನ್ನೂ ನಿರಾಕರಿಸುವವರಲ್ಲಿ ಮುಗಿಯುತ್ತದೆ. ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತ ಪ್ರವಾದಿಯವರು(ಸ), ಹಿಂದೆ ಮಗುವೊಂದು ಅಳುವುದು ಕೇಳಿಸಿದರೆ ಅದರ ತಾಯಿಗೆ ಕಷ್ಟವಾಗದಿರಲೆಂದು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ದೇವರ ಮುಂದೆ ನೆಟ್ಟ ಮನಸ್ಸಿಗೆ ಮಗುವಿನ ಅಳು ಕೇಳಿಸಿತು. ಅದನ್ನು ಏಕಾಗ್ರತೆಯ ಭಂಗವೆಂದು ಯಾರೂ ಎಣಿಸಲಿಲ್ಲ.

ಗಮನವನ್ನು ಕಸಿದವರು ಯಾರು?

ಇನ್ನು ನಮ್ಮ ಹುಡುಗನ ವಿಷಯಕ್ಕೆ ಬರೋಣ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಸಂಶೋಧಕರು ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರಿಗೆ ಬುದ್ಧಿಯ ಚುರುಕುತನ ಮತ್ತು ಗಮನವನ್ನು ಅಳೆಯುವ ಪರೀಕ್ಷೆಗಳನ್ನು ಎರಡು ಸಲ ಕೊಟ್ಟರು. ಒಂದು ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ. ಇನ್ನೊಂದು ಕಟಾವಿನ ಬಳಿಕ, ಹಣ ಬಂದಾಗ. ಅದೇ ರೈತ, ಅದೇ ಮೆದುಳು. ಆದರೆ ಕಟಾವಿಗೆ ಮುಂಚಿನ ಪರೀಕ್ಷೆಯಲ್ಲಿ ಅವರು ಗಮನಾರ್ಹವಾಗಿ ಹಿಂದೆ ಬಿದ್ದರು. ಕಟಾವಿನ ಬಳಿಕ ಅವರೇ ಚುರುಕಾದರು. ಹಣದ ಚಿಂತೆ ಮನಸ್ಸಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ, ಉಳಿದುದಕ್ಕೆ ಜಾಗ ಸಾಲುವುದಿಲ್ಲ ಎಂಬುದು ಸಂಶೋಧಕರ ನಿಲುವು.

ಅರಕಲಗೂಡಿನ ಹೊಗೆಸೊಪ್ಪಿನ ಹರಾಜು, ಚನ್ನರಾಯಪಟ್ಟಣದ ತೆಂಗಿನ ರೋಗ, ಹಾಸನದ ಆಲೂಗಡ್ಡೆಗೆ ಬೀಳುವ ಅಂಗಮಾರಿ, ಇವೆಲ್ಲ ಕೃಷಿಯ ಸುದ್ದಿಗಳು ಮಾತ್ರವಲ್ಲ. ಮನೆಯ ಮಕ್ಕಳ ತರಗತಿಯವರೆಗೂ ಇವುಗಳ ನೆರಳು ಚಾಚಿರುತ್ತದೆ. ಸ್ಲಂಬೋರ್ಡ್ ಮನೆಯ ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವಾಗ ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲಿ ಕೂತು ಓದುವ ಹುಡುಗಿಗೆ, ಮದುವೆಯ ಮಾತುಕತೆಯನ್ನು ಕೇಳಿಸಿಕೊಳ್ಳುತ್ತಲೇ ಪರೀಕ್ಷೆಗೆ ತಯಾರಾಗುವ ಹುಡುಗಿಗೆ ‘ನಿನ್ನ ಮನಸ್ಸು ಚಂಚಲ’ ಎಂದು ಹೇಳುವ ಧೈರ್ಯ ನಮಗಂತೂ ಇಲ್ಲ. ಅವಳಿಗೆ ಓದಲು ಒಂದು ಮೂಲೆ ಬೇಕು, ಒಂದು ದೀಪ ಬೇಕು, ಮದುವೆ ಈಗ ಬೇಡವೆಂದು ಹೇಳುವ ಒಬ್ಬ ಮಾಮ ಬೇಕು.

ಇನ್ನೊಂದು ಕಡೆ ಮೊಬೈಲಿದೆ. ನಮ್ಮ ಗಮನ ಎಷ್ಟು ಹೊತ್ತು ತೆರೆಯ ಮೇಲಿರುತ್ತದೋ ಅಷ್ಟು ಜಾಹೀರಾತಿನ ಆದಾಯವೆಂದು ಲೆಕ್ಕ ಹಾಕಿದ ಕಂಪೆನಿಗಳು, ಬೆರಳು ನಿಲ್ಲದಂತೆ ಒಂದರ ಕೆಳಗೊಂದು ವೀಡಿಯೊ ಜೋಡಿಸಿಡುತ್ತವೆ. ಗಮನವನ್ನು ಕಸಿಯುವ ವ್ಯಾಪಾರ ಒಂದು, ಕಸಿದ ಗಮನವನ್ನು ಮರಳಿ ಕೊಡಿಸುವ ವ್ಯಾಪಾರ ಇನ್ನೊಂದು. ಎಷ್ಟೋ ಸಲ ಧ್ಯಾನ ಹೇಳಿಕೊಡುವ ಆ್ಯಪ್ ಕೂಡ ಅದೇ ಮೊಬೈಲಿನಲ್ಲಿರುತ್ತದೆ. ನಡುವೆ ಹಣ ಕಳೆದುಕೊಳ್ಳುವವರು ತಂದೆ ತಾಯಿ, ಆತ್ಮವಿಶ್ವಾಸ ಕಳೆದುಕೊಳ್ಳುವವರು ಮಕ್ಕಳು.

ಹಾಗಾದರೆ ಮಾಡಬೇಕಾದುದೇನು? ನಿಧಾನದ ಉಸಿರಾಟವನ್ನು ಪ್ರತಿ ಶಾಲೆಯಲ್ಲೂ ಕಲಿಸಲಿ. ಅದಕ್ಕೆ ಹತ್ತು ನಿಮಿಷ ಸಾಕು, ಶುಲ್ಕ ಬೇಕಿಲ್ಲ. ಒಳಗೆಳೆಯುವಾಗ ನಾಲ್ಕು ಎಣಿಸಿ, ಬಿಡುವಾಗ ಆರು ಎಣಿಸಿದರಾಯಿತು. ನಿಮಿಷಕ್ಕೆ ಆರು ಉಸಿರು ಬಂತು. ಮಂತ್ರ ಬೇಕೆನ್ನುವವರು ತಮ್ಮ ತಮ್ಮ ಮಂತ್ರವನ್ನು ಹೇಳಿಕೊಳ್ಳಲಿ, ಬೇಡವೆನ್ನುವವರು ಅಂಕಿ ಎಣಿಸಲಿ. ಮಕ್ಕಳಿಗೆ ನಿದ್ದೆ ಸಿಗಲಿ, ರಾತ್ರಿ ಮೊಬೈಲು ಹಿರಿಯರ ಕೋಣೆಯಲ್ಲಿರಲಿ, ಹಿರಿಯರದೂ ಸೇರಿ. ಖಾಲಿ ಇರುವ ಮೇಷ್ಟ್ರ ಹುದ್ದೆ ತುಂಬಿಸಲು ಪೋಷಕರು ಒಟ್ಟಾಗಿ ಕೇಳಲಿ. ಮಸೀದಿಗೆ ಹೊಂದಿಕೊಂಡ ಹಾಲು, ದೇವಸ್ಥಾನದ ಭವನ, ಬಸದಿಯ ಛತ್ರ, ಇವು ಪರೀಕ್ಷೆಯ ಎರಡು ತಿಂಗಳು ಸಂಜೆ ಹೊತ್ತು ಓದುವ ಕೋಣೆಗಳಾಗಿ ಎಲ್ಲ ಮಕ್ಕಳಿಗೂ ತೆರೆದರೆ ಯಾರ ಧರ್ಮಕ್ಕೂ ಊನ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು, ಮನಸ್ಸು ನಿಲ್ಲುತ್ತಿಲ್ಲವೆನ್ನುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳೋಣ: ಕಣ್ಣು ಮುಚ್ಚಿದರೆ ನಿನಗೆ ಏನು ಕಾಣುತ್ತದೆ ಮಗಾ? ಅರಕಲಗೂಡಿನ ಆ ಹುಡುಗನಿಗೆ ಇದನ್ನು ಯಾರೂ ಕೇಳಿರಲಿಲ್ಲ. ಆ ಮೇಲೆ ಅವನ ಸೋದರಮಾವ ಒಂದು ಭಾನುವಾರ ಹಾಸ್ಟೆಲಿಗೆ ಬಂದು, ಸಾಲದ ಲೆಕ್ಕವನ್ನೆಲ್ಲ ಅವನ ಮುಂದೆ ಬಿಡಿಸಿಟ್ಟು, “ಇದು ನಾವು ದೊಡ್ಡವರು ಹೊರೋ ಭಾರ ಕಣಪ್ಪಾ, ನೀನು ಓದ್ಕೋ” ಎಂದು ಹೇಳಿ ಹೋದರಂತೆ. ಸಾಲವೇನೂ ತೀರಿರಲಿಲ್ಲ. ಅಂದಿನಿಂದ ರಾತ್ರಿ ನಿದ್ದೆ ಬರುತ್ತಿದೆ ಎಂದು ಹುಡುಗ ನಮಗೆ ಹೇಳಿದ. ಅವನು ಈಗಲೂ ಓದಲು ಕೂರುವ ಮುನ್ನ ಐದು ನಿಮಿಷ ಉಸಿರು ಎಣಿಸುತ್ತಾನೆ. ಒಳ್ಳೆಯದು, ಎಣಿಸಲಿ.